ಎಂಜಿನ್ ಕೆಲಸ ಆದ ಮೇಲೆ ಹೊಗೆ, ಸದ್ದು, ಆಯಿಲ್ ಖಾಲಿ: ಯಾವ ಲಕ್ಷಣಕ್ಕೆ ಏನರ್ಥ, ಎಲ್ಲಿಂದ ಹುಡುಕಬೇಕು

ನನ್ನ ಹತ್ತಿರ ಒಂದು ಹಳೇ ಮಾರುತಿ ಎಸ್ಟೀಮ್ ಕಾರು ಇದೆ. 1298 ಸಿಸಿ, 16 ವಾಲ್ವ್, 85 ಬಿಎಚ್‌ಪಿ. ಈಗಿನ ಕಾರುಗಳ ಮುಂದೆ ಅದೇನು ದೊಡ್ಡ ಸಂಖ್ಯೆ ಅಲ್ಲ, ಆದರೆ ಕಾರು ಹಗುರ, ಎಂಜಿನ್ ತಿರುಗಿಸಿದಷ್ಟೂ ಖುಷಿ ಪಡುವ ಜಾತಿ, ರ‍್ಯಾಲಿಯವರು ಅಷ್ಟು ವರ್ಷ ಇದನ್ನು ಓಡಿಸಿದ್ದು ಸುಮ್ನೆ ಅಲ್ಲ. ಎರಡು ಲಕ್ಷ ಕಿ.ಮೀ. ದಾಟಿದ ಮೇಲೆ ಎಂಜಿನ್ ಇಳಿಸಿ ಬೋರ್ ಮಾಡಿಸಿದೆ, ಅಂದರೆ ಸವೆದ ಸಿಲಿಂಡರನ್ನು ಕೊರೆದು ಸ್ವಲ್ಪ ಅಗಲ ಮಾಡಿಸಿದೆ. 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್, ಹೊಸ ರಿಂಗ್ (ಪಿಸ್ಟನ್ ಸುತ್ತ ಕೂತು ಗ್ಯಾಸ್, ಆಯಿಲ್ ದಾಟದಂತೆ ತಡೆಯುವ ಬಳೆ), ಬೇರಿಂಗ್, ಹೆಡ್ ಕೆಲಸ ಎಲ್ಲ ಆಯಿತು. ಎಷ್ಟು ಖರ್ಚಾಯಿತು ಅಂತ ಮನೆಯಲ್ಲಿ ಇವತ್ತಿಗೂ ಪೂರ್ತಿ ಹೇಳಿಲ್ಲ.

ಆಮೇಲೆ ಏನು ಮಾಡಿದೆ ಗೊತ್ತಾ? ಅಂಗಡಿಯಲ್ಲಿದ್ದ ಅತಿ ದುಬಾರಿ ಫುಲ್ ಸಿಂಥೆಟಿಕ್ ತಂದು ಸುರಿದೆ. ಒಂದು ತಾಸು ಐಡಲ್‌ನಲ್ಲೇ ಬಿಟ್ಟೆ. ಆಮೇಲೆ ಶಿರಸಿಯಿಂದ ಬನವಾಸಿಗೆ, ಬನವಾಸಿಯಿಂದ ಶಿರಸಿಗೆ, ಹಿಂದಿನ ಸೀಟಿನಲ್ಲಿ ಬಾಣಂತಿ ಕೂತಿದ್ದಾಳೇನೋ ಅನ್ನುವ ಹಾಗೆ 50ರ ಸ್ಪೀಡಿನಲ್ಲಿ ಓಡಿಸಿದೆ. 600 ಕಿ.ಮೀ.ಗೆ ನೀಲಿ ಹೊಗೆ ಶುರುವಾಯಿತು. ಆಯಿಲ್ ಸರಿ ಇಲ್ಲ ಅಂತ ದಪ್ಪದ್ದು ಹಾಕಿದೆ, ಅದೂ ಸರಿ ಇಲ್ಲ ಅಂತ ಬೇರೆ ಕಂಪನಿಯದ್ದು ಹಾಕಿದೆ. ಕೊನೆಗೆ ಹುಬ್ಬಳ್ಳಿಯ ಲೇತ್ ಅಂಗಡಿಯ ಹಿರಿಯರೊಬ್ಬರು ಪ್ಲಗ್ ಬಿಚ್ಚಿ ನೋಡಿ, "ಈಗಿನ ಎಣ್ಣಿದ್ದೇನ್ ತಪ್ಪಿಲ್ರೀ ಸರ್ರ, ನೀವು ಮೊದಲ ಓಡ್ಸಿದ್ದ ತಪ್ಪೈತಿ" ಅಂದರು.

ಕೆಲಸ ಆದ ಎಂಜಿನ್ನಿನಲ್ಲಿ ಏನೇ ಕಂಡರೂ ನಾವು ಮೊದಲು ಬೈಯುವುದು ಆಯಿಲನ್ನು, ಆಮೇಲೆ ಮೆಕ್ಯಾನಿಕ್ಕನ್ನು. ಎರಡಕ್ಕೂ ಮೊದಲು ಐದು ರೂಪಾಯಿ ಖರ್ಚಿಲ್ಲದೆ ನೋಡಬಹುದಾದದ್ದು ಬೇಕಾದಷ್ಟಿದೆ. ಕಣ್ಣಿಗೆ, ಕಿವಿಗೆ, ಮೂಗಿಗೆ ಏನು ಸಿಗುತ್ತದೋ ಅಲ್ಲಿಂದಲೇ ಶುರು ಮಾಡೋಣ.

ಕೈ ಹಾಕುವ ಮುಂಚೆ

ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಮಳೆ ಬರುತ್ತಿದೆ ಅಂತ ಅಡಿಕೆ ಶೆಡ್ಡಿನೊಳಗೆ ಕಾರು ಹೊಗಿಸಿ ಸ್ಟಾರ್ಟ್ ಮಾಡುವವರು ನಮ್ಮ ಕಡೆ ಇದ್ದಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ತಿರುಗುವ ಹೊತ್ತಿಗೆ ತಡವಾಗಿರುತ್ತದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಬರೀ ಜಾಕ್ ನಂಬಿ ಕಾರಿನ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ನಮ್ಮ ಜಂಬಿಟ್ಟಿಗೆ ಮಣ್ಣಿನ ಅಂಗಳ ಮಳೆಗಾಲದಲ್ಲಿ ಮೆತ್ತಗಾಗಿ ಜಾಕ್ ಒಂದು ಕಡೆ ಹೂಳುತ್ತದೆ, ಅಡಿಯಲ್ಲಿ ಹಲಗೆ ಇಡಿ. ಹಳೇ ಆಯಿಲ್ ಬರಿಗೈಗೆ ತಾಗುವುದು ಒಳ್ಳೆಯದಲ್ಲ. ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಿರಲಿ ಅಂತ ಅದನ್ನೇ ಬಳಿಯುವ ರೂಢಿ ಮನೆಮನೆಯಲ್ಲೂ ಇದೆ, ಆದರೂ ಗ್ಲೌಸ್ ಹಾಕಿ, ಹಳ್ಳಕ್ಕೋ ತೋಟದ ಕಾಲುವೆಗೋ ಮಾತ್ರ ಚೆಲ್ಲಬೇಡಿ.

ಮೊದಲು ಯಾವ ಆಯಿಲ್ ಇರಬೇಕಿತ್ತು

ಇದು ಗೊತ್ತಿದ್ದರೆ ಮುಂದಿನ ಲಕ್ಷಣಗಳು ಅರ್ಥವಾಗುತ್ತವೆ. ಬೋರ್ ಮಾಡಿದ ಮೇಲೆ ಸಿಲಿಂಡರ್ ಗೋಡೆಗೆ ಹೋನಿಂಗ್ ಕಲ್ಲಿನಿಂದ ಅಡ್ಡಡ್ಡ ಗೀರು ಹಾಕುತ್ತಾರೆ. ರುಬ್ಬುವ ಕಲ್ಲು ನುಣ್ಣಗಾದಾಗ ಉಳಿಯಲ್ಲಿ ಕಚ್ಚು ಹಾಕಿಸುತ್ತೇವಲ್ಲ, ನೋಡಲು ಹಾಗೇ. ಆ ಗೀರಿನ ತುದಿಗಳು ಮತ್ತು ಹೊಸ ರಿಂಗ್ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳಬೇಕು. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲಬೇಕು. ಈ ಉಜ್ಜಾಟಕ್ಕೆ ಸ್ವಲ್ಪ ಅವಕಾಶ ಬೇಕು, ಜಾಸ್ತಿ ಜಾರುವ ಆಯಿಲ್ ಅದಕ್ಕೆ ಅಡ್ಡ ಬರಬಹುದು. ಅದಕ್ಕೇ ಲೇತ್ ಅಂಗಡಿಯವರು ಮೊದಲು ಮಿನರಲ್ ಆಯಿಲ್, ಅಂದರೆ ಸಿಂಥೆಟಿಕ್ ಅಲ್ಲದ ಸಾದಾ ಆಯಿಲ್ ಅನ್ನುತ್ತಾರೆ. ಹೊಸ ಕಾರುಗಳಿಗೆ ಕಂಪನಿಯಲ್ಲೇ ಸಿಂಥೆಟಿಕ್ ಹಾಕುತ್ತಾರಲ್ಲ ಅಂತ ನಾನೂ ವಾದ ಮಾಡಿದ್ದೆ. ಅಲ್ಲಿ ಗೀರಿನ ಚೂಪು ತುದಿಗಳನ್ನು ಮೊದಲೇ ತೆಗೆದು ಸಮ ಮಾಡಿರುತ್ತಾರೆ, ರಿಂಗಿನ ಕೆಲಸ ಅರ್ಧ ಅಲ್ಲೇ ಮುಗಿದಿರುತ್ತದೆ. ಊರಿನ ಅಂಗಡಿಯ ಕೈ ಹೋನಿಂಗ್‌ಗೆ ಆ ಲೆಕ್ಕ ಹಿಡಿಯಬೇಡಿ.

ಗ್ರೇಡ್ ವಿಷಯಕ್ಕೆ ಬಂದರೆ, 20ಡಬ್ಲ್ಯೂ-50 ಅಂದಾಗ ಡಬ್ಲ್ಯೂ ಅಂದರೆ ಚಳಿಗಾಲ, ಕೊನೆಯ ಸಂಖ್ಯೆ ಬಿಸಿಯಾದಾಗ ಆಯಿಲ್ ಎಷ್ಟು ದಪ್ಪ ಅನ್ನುವುದು. ಚಳಿಯಲ್ಲಿ ಸ್ಟಾರ್ಟ್ ಮಾಡುವ ಪರೀಕ್ಷೆ 20ಡಬ್ಲ್ಯೂಗೆ ಮೈನಸ್ 15 ಡಿಗ್ರಿಯಲ್ಲಿ, 15ಡಬ್ಲ್ಯೂಗೆ ಮೈನಸ್ 20ರಲ್ಲಿ, 0ಡಬ್ಲ್ಯೂಗೆ ಮೈನಸ್ 35ರಲ್ಲಿ ನಡೆಯುತ್ತದೆ. ಶಿರಸಿಯ ಡಿಸೆಂಬರ್ ಬೆಳಗು ಎಷ್ಟೇ ಕೊರೆದರೂ ಅಲ್ಲಿಗೆ ಹೋಗುವುದಿಲ್ಲ, ಕಾರವಾರ ಕುಮಟೆಯ ಮಾತೇ ಬೇಡ. ನಮ್ಮ ಹವೆಗೆ, ಇಂಥ ಹಳೇ ಪೆಟ್ರೋಲ್ ಎಂಜಿನ್ನಿಗೆ, ರನ್ನಿಂಗ್-ಇನ್ (ಹೊಸ ಭಾಗಗಳು ಹೊಂದಿಕೊಳ್ಳುವವರೆಗಿನ ಓಟ) ಮಾಡಲು ಮಿನರಲ್ 15ಡಬ್ಲ್ಯೂ-40 ಸಾಕು. ಬೇರಿಂಗ್ ಸಂದು ಸ್ವಲ್ಪ ಸಡಿಲ ಇಟ್ಟಿದ್ದರೆ 20ಡಬ್ಲ್ಯೂ-50. ಬೋರ್ ಮಾಡಿದವರಿಗೆ ಸಂದು ಎಷ್ಟಿಟ್ಟಿದ್ದಾರೆ ಕೇಳಿ. ಕಾರಿನ ಕೈಪಿಡಿಯಲ್ಲಿ ತೆಳು ಗ್ರೇಡೇ ಬೇಕು ಅಂತಿದ್ದರೆ ಆ ಗ್ರೇಡಿನ ಹತ್ತಿರದ್ದನ್ನೇ ಹುಡುಕಿ.

ಇನ್ನೊಂದು ಸಂಗತಿ ಸತುವಿನದು. ಪ್ರೀಮಿಯರ್ ಪದ್ಮಿನಿಯಂಥ ಹಳೇ ಪುಶ್‌ರಾಡ್ ಎಂಜಿನ್ನಿನಲ್ಲಿ ಟ್ಯಾಪೆಟ್ (ಕ್ಯಾಮಿನ ಒತ್ತನ್ನು ವಾಲ್ವಿಗೆ ದಾಟಿಸುವ ಭಾಗ) ಚಪ್ಪಟೆ, ಕ್ಯಾಮ್ (ವಾಲ್ವ್ ತೆರೆಸುವ ಉಬ್ಬುಗಳ ದಂಡ) ಅದರ ಮೇಲೆ ಉಜ್ಜಿಕೊಂಡೇ ತಿರುಗುತ್ತದೆ. ಅಲ್ಲಿ ಲೋಹಕ್ಕೆ ಲೋಹ ಕಚ್ಚದಂತೆ ಕಾಯುವುದು ಆಯಿಲಿನಲ್ಲಿರುವ ಸತು ಮತ್ತು ಫಾಸ್ಫರಸ್. ಆಯಿಲಿಗೆ ದರ್ಜೆ ಕೊಡುವ ಅಮೆರಿಕದ ಎಪಿಐ ಸಂಸ್ಥೆಯ ಎಸ್‌ಎಂ ದರ್ಜೆ ಬಂದ ಮೇಲೆ, ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ, ಕೊನೆಯ ಸಂಖ್ಯೆ 20 ಅಥವಾ 30 ಇರುವ ತೆಳು ಗ್ರೇಡುಗಳಲ್ಲಿ ಫಾಸ್ಫರಸ್‌ಗೆ ಶೇ. 0.08ರ ಮಿತಿ ಹಾಕಿದರು. ಚಪ್ಪಟೆ ಟ್ಯಾಪೆಟ್ಟಿನ ಎಂಜಿನ್ನಿಗೆ ಇವು ಬೇಡ. ಡಬ್ಬದ ಹಿಂದೆ ಸಿಐ-4 (ಡೀಸೆಲ್ ದರ್ಜೆ) ಜೊತೆಗೆ ಎಸ್‌ಎಲ್ (ಎಸ್‌ಎಂಗಿಂತ ಹಿಂದಿನ ಪೆಟ್ರೋಲ್ ದರ್ಜೆ) ಅಂತಲೂ ಬರೆದಿರುವ 15ಡಬ್ಲ್ಯೂ-40 ಹುಡುಕಿ. ಫೋರ್ಡ್ ಐಕಾನ್‌ನ 1.6 ಎಂಜಿನ್ನಿನಂತೆ ಕ್ಯಾಮ್ ರೋಲರ್ ಮೇಲೆ ಓಡುವ ಕಡೆ ಈ ತಲೆಬಿಸಿ ಕಡಿಮೆ.

ಜಾರಿಕೆ ಜಾಸ್ತಿ ಮಾಡುತ್ತೇವೆ ಅನ್ನುವ ಬಾಟಲಿ ಮದ್ದು ಯಾವುದನ್ನೂ ಈ ಹೊತ್ತಿಗೆ ಹಾಕಬೇಡಿ.

ಲಕ್ಷಣ: ಆಯಿಲ್ ಲೈಟ್ ಆರುತ್ತಿಲ್ಲ

ಸ್ಟಾರ್ಟ್ ಆಗಿ ಐದು ಸೆಕೆಂಡಿನಲ್ಲಿ ಲೈಟ್ ಆರಲಿಲ್ಲವಾ, ಆಫ್ ಮಾಡಿ. "ಸ್ವಲ್ಪ ನೋಡೋಣ" ಅನ್ನುವ ಮಾತು ಇಲ್ಲಿ ಬೇಡ. ಹೊಸ ಬೇರಿಂಗ್ ಒಣಗಿ ತಿರುಗಲು ಒಂದು ನಿಮಿಷ ಕೊಟ್ಟರೆ ಮತ್ತೆ ಎಂಜಿನ್ ಇಳಿಸಬೇಕು.

ಮೊದಲು ಡಿಪ್‌ಸ್ಟಿಕ್ ನೋಡಿ. ಖಾಲಿ ಫಿಲ್ಟರ್ ತುಂಬಿದ ಮೇಲೆ ಲೆವೆಲ್ ಇಳಿದಿರುತ್ತದೆ. ಆಮೇಲೆ ಪ್ರೆಷರ್ ಸ್ವಿಚ್ಚಿನ ವೈರ್ ನೋಡಿ. ಎಂಜಿನ್ ಕೂರಿಸುವಾಗ ಅದು ಸಿಕ್ಕಿಕೊಂಡು ಬಾಡಿಗೆ ತಾಗುತ್ತಿದ್ದರೆ ಲೈಟ್ ಸದಾ ಉರಿಯುತ್ತದೆ. ಕರಾವಳಿಯ ಕಾರುಗಳಲ್ಲಿ ಉಪ್ಪುಗಾಳಿಗೆ ಆ ಟರ್ಮಿನಲ್ಲೇ ಹಸಿರುಗಟ್ಟಿರುತ್ತದೆ.

ಅದು ಸರಿ ಇದ್ದರೆ, ಪಂಪ್ ಇನ್ನೂ ಆಯಿಲ್ ಎಳೆದಿಲ್ಲ ಅಂತ ಹಿಡಿಯಬೇಕು. ಎಲ್ಲ ಪ್ಲಗ್ ತೆಗೆಯಿರಿ, ಇಂಜೆಕ್ಟರ್ ಮತ್ತು ಇಗ್ನಿಷನ್ ಫ್ಯೂಸ್ ಕೀಳಿ. ಇದನ್ನು ಮರೆತರೆ ಪ್ಲಗ್ ತೂತಿನಿಂದ ಪೆಟ್ರೋಲ್ ಚಿಮ್ಮುತ್ತದೆ, ಪಕ್ಕದಲ್ಲಿ ಕಿಡಿ ಹಾರಿದರೆ ಬೆಂಕಿ. ಈಗ ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ, ಸ್ಟಾರ್ಟರ್‌ಗೆ ಸ್ವಲ್ಪ ವಿಶ್ರಾಂತಿ ಕೊಡಿ, ಮತ್ತೆ ಮಾಡಿ. ಪ್ಲಗ್ ಇಲ್ಲದ್ದರಿಂದ ಬೇರಿಂಗ್ ಮೇಲೆ ಭಾರ ಇರುವುದಿಲ್ಲ. ನಾಲ್ಕೈದು ಸಲದಲ್ಲಿ ಲೈಟ್ ಆರಬೇಕು. ನಿಜವಾಗಿ ಇದನ್ನು ಮೊದಲ ಸ್ಟಾರ್ಟ್‌ಗೆ ಮುಂಚೆಯೇ ಮಾಡಬೇಕಿತ್ತು.

ಆಗಲೂ ಆರದಿದ್ದರೆ ಸ್ವಿಚ್ ಜಾಗಕ್ಕೆ ಪ್ರೆಷರ್ ಗೇಜ್ ಹಾಕಿಸಿ ನೋಡಿ. ಬಿಸಿ ಎಂಜಿನ್ನಿನಲ್ಲಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಅನ್ನುವುದು ಹಳೇ ಅಂದಾಜು ಲೆಕ್ಕ, ಪಕ್ಕಾ ಸಂಖ್ಯೆ ಕೈಪಿಡಿಯಲ್ಲಿರುತ್ತದೆ. ಗೇಜ್ ಏಳಲಿಲ್ಲ ಅಂದರೆ ಸಂಪ್ (ಎಂಜಿನ್ನಿನ ಅಡಿಯ ಆಯಿಲ್ ಪಾತ್ರೆ) ಇಳಿಸಲೇಬೇಕು. ಅಲ್ಲಿ ಸಾಮಾನ್ಯವಾಗಿ ಸಿಗುವ ಕಳ್ಳ ಯಾರು ಗೊತ್ತಾ? ಗ್ಯಾಸ್ಕೆಟ್ ಅಂಟು. ಧಾರಾಳವಾಗಿ ಬಳಿದ ಸಿಲಿಕೋನ್ ಒಳಗಡೆ ಉದುರಿ ಪಂಪಿನ ಜಾಲರಿಗೆ ಮುಸುಕು ಹಾಕಿರುತ್ತದೆ. ಇಲ್ಲಿ ದಪ್ಪ ಆಯಿಲ್ ಹಾಕಿ ಲೈಟ್ ಆರಿಸುವವರಿದ್ದಾರೆ. ಅದು ಜ್ವರಕ್ಕೆ ಥರ್ಮಾಮೀಟರ್ ಒಡೆದ ಹಾಗೆ.

ಲಕ್ಷಣ: ನೀಲಿ ಹೊಗೆ, ಆಯಿಲ್ ಕಡಿಮೆಯಾಗುತ್ತಿದೆ

ಮೊದಲ ಅರ್ಧ ತಾಸು ಹೊಗೆ ಬಂದರೆ ಹೆದರಬೇಡಿ. ಜೋಡಿಸುವಾಗ ಹಚ್ಚಿದ ಎಣ್ಣೆ, ಸೈಲೆನ್ಸರ್ ಪೈಪಿಗೆ ತಾಗಿದ ಕೈಗ್ರೀಸ್ ಸುಟ್ಟು ಹೋಗುತ್ತದೆ. ಆಮೇಲೂ ಬರುತ್ತಿದ್ದರೆ ಹೊಗೆ ಯಾವಾಗ ಬರುತ್ತದೆ ಅಂತ ನೋಡಿ. ಹಿಂದೆ ಒಬ್ಬರನ್ನು ಬೈಕಿನಲ್ಲಿ ಕಳಿಸಿ, ಕಾರಿನೊಳಗಿಂದ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ಬಂದು ನಿಂತರೆ, ಅಥವಾ ಘಾಟಿ ಇಳಿದು ಬಂದು ಕೆಳಗೆ ಎಕ್ಸಲರೇಟರ್ ಒತ್ತಿದ ಕೂಡಲೇ ಬಂದರೆ, ಮೊದಲ ಅನುಮಾನ ವಾಲ್ವ್ ಸ್ಟೆಮ್ ಸೀಲ್ (ವಾಲ್ವ್ ದಂಡದ ಸುತ್ತ ಆಯಿಲ್ ತಡೆಯುವ ಸೀಲ್) ಮತ್ತು ಗೈಡ್ (ಆ ದಂಡ ಜಾರುವ ಕೊಳವೆ) ಮೇಲೆ. ಅದು ಹೆಡ್ಡಿನ ಕೆಲಸ, ರನ್ನಿಂಗ್-ಇನ್‌ಗೂ ಅದಕ್ಕೂ ಸಂಬಂಧ ಇಲ್ಲ. ಏರಿನಲ್ಲಿ ಎಳೆಯುವಾಗ ಒಂದೇ ಸಮ ಬಂದರೆ ರಿಂಗ್. ಹೊಗೆ ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ, ಬಿಳಿಯಾಗಿದ್ದು ಸಿಹಿ ವಾಸನೆ ಇದ್ದರೆ ಕೂಲೆಂಟ್. ಮಳೆಗಾಲದ ಬೆಳಿಗ್ಗೆ ಬರುವ ಬಿಳಿ ಹಬೆ ಮಾತ್ರ ಬರೀ ನೀರು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಿಟ್ಟಿ ಪರೀಕ್ಷೆ ಡಿಪ್‌ಸ್ಟಿಕ್ಕಿನದ್ದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ನೋಡಿ. ನಮ್ಮ ಮನೆ ಅಂಗಳವೂ ಇಳಿಜಾರು, ಹಾಗಾಗಿ ಪ್ರತಿ ಸಲ ಅದೇ ಜಾಗ, ಅದೇ ದಿಕ್ಕು. 200 ಕಿ.ಮೀ.ಗೊಮ್ಮೆ ಬರೆದಿಡಿ. ಶುರುವಿನಲ್ಲಿ ಸ್ವಲ್ಪ ತಿನ್ನುವುದು ಸಹಜ. ಕೆಲವು ಕಾರು ಕಂಪನಿಗಳು ಸಾವಿರ ಕಿ.ಮೀ.ಗೆ ಒಂದು ಲೀಟರ್‌ವರೆಗೂ ಸರಿ ಅನ್ನುತ್ತವೆ, ನನಗದು ಜಾಸ್ತಿಯೇ ಅನಿಸುತ್ತದೆ. ಮುಖ್ಯ ವಿಷಯ, ಪ್ರತಿ 200ಕ್ಕೆ ತಿನ್ನುವುದು ಇಳಿಯುತ್ತಿದೆಯಾ ಅನ್ನುವುದು. ಇಳಿಯುತ್ತಿದ್ದರೆ ಸುಮ್ನೆ ಓಡಿಸಿ.

ಮುಂದಿನ ಅಗ್ಗದ ಪರೀಕ್ಷೆ ಪಿಸಿವಿ ವಾಲ್ವ್, ಅಂದರೆ ಎಂಜಿನ್ನೊಳಗೆ ಸೇರಿದ ಹಬೆಯನ್ನು ಹದವಾಗಿ ಇನ್‌ಟೇಕಿಗೆ ಬಿಡುವ ಸಣ್ಣ ವಾಲ್ವ್. ಅದು ಅಂಟಿಕೊಂಡಿದ್ದರೆ ಒಳಗಿನ ಒತ್ತಡ ಏರಿ ಆಯಿಲ್ ಹಬೆ ಇನ್‌ಟೇಕಿಗೆ ಹೋಗುತ್ತದೆ, ಥೇಟ್ ರಿಂಗ್ ಹೋದ ಹಾಗೇ ಕಾಣುತ್ತದೆ. ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಕಟಕಟ ಅನ್ನಬೇಕು. ಆಮೇಲೆ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ಸಡಿಲಿಸಿ ನೋಡಿ. ಹಬೆ ಪುಸುಪುಸು ಅಂತ ಒತ್ತಿ ಬಂದರೆ ಮೆಕ್ಯಾನಿಕ್ಕುಗಳು ಹೇಳುವ "ಬ್ಯಾಕ್ ಕಂಪ್ರೆಷನ್", ಅಂದರೆ ರಿಂಗ್ ಪಕ್ಕದಿಂದ ಗ್ಯಾಸ್ ಕೆಳಗಿಳಿಯುತ್ತಿದೆ.

ರಿಂಗೇ ಅಂತ ಅನಿಸಿದರೆ ಕಂಪ್ರೆಷನ್ ನೋಡಿಸಿ. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಎಕ್ಸಲರೇಟರ್ ಪೂರ್ತಿ ಒತ್ತಿರಬೇಕು, ಮೇಲೆ ಹೇಳಿದ ಫ್ಯೂಸುಗಳು ಕಿತ್ತಿರಬೇಕು. ಒಂದಕ್ಕೂ ಇನ್ನೊಂದಕ್ಕೂ ಶೇ. 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಕೂತಿಲ್ಲ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಈಗ ರಿಂಗ್ ಕೂರಿಸುವ ಮಾತು. ಜನ ಹೆದರಿ ಮೆಲ್ಲಗೆ ಓಡಿಸುತ್ತಾರೆ, ಕೆಡುವುದು ಅಲ್ಲೇ. ರಿಂಗನ್ನು ಗೋಡೆಗೆ ಒತ್ತುವುದು ಬರೀ ಅದರ ಸ್ಪ್ರಿಂಗ್ ಗುಣ ಅಲ್ಲ. ಮೇಲೆ ಪೆಟ್ರೋಲ್ ಉರಿದಾಗ ಗ್ಯಾಸ್ ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಗೆ ಒತ್ತುತ್ತದೆ. ಎಂಜಿನ್ನಿಗೆ ಭಾರ ಕೊಡದಿದ್ದರೆ ಆ ಒತ್ತಡವೇ ಹುಟ್ಟುವುದಿಲ್ಲ. ಗೋಡೆಯ ಮೇಲೆ ಉಳಿದ ಆಯಿಲ್ ಸುಟ್ಟು, ದೋಸೆ ಕಾವಲಿಗೆ ಎಣ್ಣೆ ಕಟ್ಟಿದ ಹಾಗೆ, ಕಂದು ಬಣ್ಣದ ನುಣುಪು ಪದರ ಕೂರುತ್ತದೆ. ಇದಕ್ಕೆ ಗ್ಲೇಜಿಂಗ್ ಅನ್ನುತ್ತಾರೆ. ಕಾವಲಿಗೆ ಅದು ಬೇಕು, ಸಿಲಿಂಡರಿಗೆ ಬೇಡ.

ನಾನು ಎರಡನೇ ಸಲ ಮಾಡಿದ್ದು ಹೀಗೆ. ಮಿನರಲ್ 15ಡಬ್ಲ್ಯೂ-40. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಹಿಂದೆ ಮುಂದೆ ವಾಹನ ಇಲ್ಲದ ನೇರ ರಸ್ತೆಯಲ್ಲಿ ಮೂರನೇ ಗೇರ್ ಹಾಕಿ, 2000ದಿಂದ 4000 ಆರ್‌ಪಿಎಂವರೆಗೆ ಮುಕ್ಕಾಲು ಎಕ್ಸಲರೇಟರ್‌ನಲ್ಲಿ ಎಳೆಸುವುದು, ಆಮೇಲೆ ಕಾಲು ಪೂರ್ತಿ ತೆಗೆದು ಗೇರಿನಲ್ಲೇ 2000ಕ್ಕೆ ಇಳಿಯಲು ಬಿಡುವುದು. ಕಾಲು ತೆಗೆದಾಗ ಸಿಲಿಂಡರಿನಲ್ಲಿ ಎಳೆತ ಹುಟ್ಟಿ ಗೋಡೆಗೆ ಆಯಿಲ್ ಏರುತ್ತದೆ, ಉಜ್ಜಿದ ಪುಡಿ ತೊಳೆಯುತ್ತದೆ, ರಿಂಗ್ ತಣಿಯುತ್ತದೆ. ಹೀಗೆ ಹತ್ತು ಹದಿನೈದು ಸಲ. ಆಮೇಲೆ ಶಿರಸಿ-ಕುಮಟೆ ದಾರಿಯ ದೇವಿಮನೆ ಘಾಟಿ. ಇಳಿಯುವಾಗ ಎಂಜಿನ್ ಬ್ರೇಕಿಂಗ್, ಹತ್ತುವಾಗ ಎರಡು ಮೂರನೇ ಗೇರಿನಲ್ಲಿ ಹದವಾದ ಭಾರ, ಹೇಳಿ ಮಾಡಿಸಿದ ಹಾಗಿದೆ. ಮಳೆಗೆ ಘಾಟಿ ಬಂದ್ ಇದ್ದರೆ ಯಲ್ಲಾಪುರದಿಂದ ಅರಬೈಲ್ ಕಡೆ ಹೋಗಬಹುದು, ಆದರೆ ಅಲ್ಲಿ ಲಾರಿ ಸಾಲು ಜಾಸ್ತಿ, ಹಿಂದೆ ಸಿಕ್ಕಿಕೊಂಡರೆ ಏನೂ ಆಗುವುದಿಲ್ಲ. ನಾಲ್ಕನೇ ಗೇರಿನಲ್ಲಿ 1200 ಆರ್‌ಪಿಎಂಗೆ ಗೊರಗೊರ ಅನ್ನಿಸಿ ಹತ್ತಿಸಬೇಡಿ. ಅಂಕೋಲಾ ಕಾರವಾರದ ಹೆದ್ದಾರಿಯಲ್ಲಿ ಒಂದೇ ಸ್ಪೀಡಿನಲ್ಲಿ ಮುಕ್ಕಾಲು ತಾಸು ಹೋಗುವುದೂ ರಿಂಗಿಗೆ ಉಪಯೋಗವಿಲ್ಲ. ಕೆಂಪು ಗೆರೆ ಮುಟ್ಟುವ ಆಸೆಯನ್ನು 1500 ಕಿ.ಮೀ.ವರೆಗೆ ತಡೆದುಕೊಳ್ಳಿ.

ಹೀಗೆ ಓಡಿಸಿದ ಮೇಲೆ ನನ್ನ ನಾಲ್ಕರಲ್ಲಿ ಮೂರು ಸಿಲಿಂಡರ್ ಸುಧಾರಿಸಿದವು. ಮೂರನೇ ನಂಬರಿನದ್ದು ಕೇಳಲಿಲ್ಲ. ಬಿಚ್ಚಿದಾಗ ಗೋಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಗೀರಿನ ಸುಳಿವೇ ಇಲ್ಲ. ಮತ್ತೆ ಹೋನಿಂಗ್, ಮತ್ತೆ ಹೊಸ ರಿಂಗ್, ಮತ್ತೆ ಗ್ಯಾಸ್ಕೆಟ್ ಸೆಟ್. ನಿಮ್ಮದೂ 1500 ದಾಟಿ, ಹೀಗೆಲ್ಲ ಓಡಿಸಿಯೂ ತಿನ್ನುವುದು ಇಳಿಯದಿದ್ದರೆ ಇನ್ನೊಂದು ಡಬ್ಬ ಆಯಿಲಿಗೆ ದುಡ್ಡು ಹಾಕದೆ ಬಿಚ್ಚಿಸಿ.

ಲಕ್ಷಣ: ಆಯಿಲ್ ಲೆವೆಲ್ ಏರುತ್ತಿದೆ

ಕಡಿಮೆಯಾದರೆ ಎಲ್ಲರೂ ನೋಡುತ್ತಾರೆ, ಏರಿದರೆ "ಅಬ್ಬಾ, ತಿನ್ನುತ್ತಿಲ್ಲ" ಅಂತ ಸಂತೋಷಪಡುತ್ತಾರೆ. ಆಯಿಲ್ ತಾನಾಗಿ ಹುಟ್ಟುವುದಿಲ್ಲ ಅಲ್ವಾ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಬೆರಳ ನಡುವೆ ನೀರಿನ ಹಾಗೆ ತೆಳುವಾಗಿದ್ದರೆ, ಉರಿಯದ ಪೆಟ್ರೋಲ್ ಗೋಡೆ ತೊಳೆದುಕೊಂಡು ಸಂಪಿಗೆ ಇಳಿಯುತ್ತಿದೆ. ಹೊಸ ರಿಂಗಿಗೆ ಇದು ದೊಡ್ಡ ಶತ್ರು. ಆಯಿಲ್ ಪದರವೂ ಹೋಗುತ್ತದೆ, ಬೇರಿಂಗಿಗೂ ತೆಳು ಆಯಿಲ್.

ಮೊದಲು ಪ್ಲಗ್ ನೋಡಿ, ಮಸಿ ಕಪ್ಪಾಗಿ ಒದ್ದೆ ಇರುತ್ತದೆ. ಕಿಡಿ ಬರದ ಪ್ಲಗ್, ಹಾಳಾದ ಪ್ಲಗ್ ವೈರ್, ಕಾರ್ಬುರೇಟರ್ ಆದರೆ ಚೋಕ್ ಸಿಕ್ಕಿಕೊಂಡಿರುವುದು, ಇಂಜೆಕ್ಷನ್ ಆದರೆ ಕೂಲೆಂಟ್ ಉಷ್ಣಾಂಶದ ಸೆನ್ಸರ್ ಎಂಜಿನ್ ತಣ್ಣಗಿದೆ ಅಂತ ಸುಳ್ಳು ಹೇಳುತ್ತಿರುವುದು, ಇಂಜೆಕ್ಟರ್ ಸೋರುವುದು, ಈ ಕ್ರಮದಲ್ಲಿ ಹುಡುಕಿ. ದೊಡ್ಡ ಕಾರ್ಬುರೇಟರ್ ಹಾಕಿಸಿದವರು ಟ್ಯೂನ್ ಮಾಡಿಸುವವರೆಗೆ ಓಡಿಸಬೇಡಿ. ಕಾರಣ ಸಿಕ್ಕ ಮೇಲೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ, ಹಾಕಿ ನೂರೇ ಕಿ.ಮೀ. ಆಗಿದ್ದರೂ ಸರಿ.

ವಾಸನೆ ಇಲ್ಲ, ಆದರೂ ಏರಿದೆ ಅಂದರೆ ಮುಂದಿನದ್ದನ್ನು ಓದಿ.

ಲಕ್ಷಣ: ಮುಚ್ಚಳದ ಅಡಿಯಲ್ಲಿ ಬಿಳಿ ಬೆಣ್ಣೆ

ಜುಲೈನಲ್ಲಿ ಇದನ್ನು ನೋಡಿ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಅಳುವವರು ಬಹಳ. ಶಿರಸಿ ಸಿದ್ದಾಪುರದ ಮಳೆಗೆ ಮನೆಯ ಚಪ್ಪಲಿಗೂ ಬೂಸು ಹಿಡಿಯುತ್ತದೆ. ದಿನಾ ಪೇಟೆಗೆ ಎರಡು ಕಿ.ಮೀ. ಹೋಗಿ ಬಂದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ಹಸಿ ಹೊರಗೆ ಹೋಗುವುದಿಲ್ಲ, ಅದು ಆಯಿಲ್ ಜೊತೆ ಕಲಸಿ ಮುಚ್ಚಳಕ್ಕೆ ಅಂಟುತ್ತದೆ.

ಒರೆಸಿ ತೆಗೆಯಿರಿ. ಡಿಪ್‌ಸ್ಟಿಕ್ಕಿನ ಆಯಿಲ್ ಶುದ್ಧವಾಗಿದ್ದರೆ ಒಂದು ತಾಸು ನಿಲ್ಲಿಸದೆ ಓಡಿಸಿ ಬನ್ನಿ. ಮತ್ತೆ ಬರಲಿಲ್ಲ ಅಂದರೆ ಮುಗಿಯಿತು. ಡಿಪ್‌ಸ್ಟಿಕ್ಕಿನಲ್ಲೂ ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಅದು ಕೂಲೆಂಟ್, ಎಂಜಿನ್ ಸ್ಟಾರ್ಟೇ ಮಾಡಬೇಡಿ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ, ಮೀನು ಸಾರಿನ ಮೇಲೆ ಎಣ್ಣೆ ತೇಲಿದ ಹಾಗೆ ಕಾಣುತ್ತದಾ? ಕೂಲೆಂಟ್ ಕಡಿಮೆಯಾಗಿದೆಯಾ? ಗ್ಯಾಸ್ಕೆಟ್, ಹೆಡ್ಡಿನ ಮೇಲ್ಮೈ, ಬೋಲ್ಟ್ ಬಿಗಿತ, ಇವು ಕೆಲಸ ಮಾಡಿದವರ ಹತ್ತಿರವೇ ಹೋಗಬೇಕಾದ ವಿಷಯ. ಹಳೇ ಎಂಜಿನ್ ಕೆಲವಕ್ಕೆ 500 ಕಿ.ಮೀ. ಆದ ಮೇಲೆ ಹೆಡ್ ಬೋಲ್ಟ್ ಮತ್ತೆ ಬಿಗಿ ನೋಡಬೇಕು, ಎಳೆದು ಬಿಗಿಯುವ ಜಾತಿಯ ಬೋಲ್ಟಿಗೆ ಹಾಗೆ ಮಾಡಲೇಬಾರದು. ನಿಮ್ಮದು ಯಾವುದು ಕೇಳಿಕೊಳ್ಳಿ.

ಲಕ್ಷಣ: ಟಕಟಕ ಸದ್ದು

ಸದ್ದು ಮೇಲಿನದ್ದಾ ಕೆಳಗಿನದ್ದಾ, ಅದೇ ಮೊದಲ ಪ್ರಶ್ನೆ. ಉದ್ದ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ ಕೊಟ್ಟು, ತುದಿಯನ್ನು ಎಂಜಿನ್ನಿಗೆ ಇಟ್ಟು ಕೇಳಿ. ಬೆಲ್ಟ್ ಮತ್ತು ಫ್ಯಾನ್ ಹತ್ತಿರ ಬೇಡ, ಶಾಲು, ಲುಂಗಿ ಬಿಗಿಯಾಗಿ ಕಟ್ಟಿ.

ಮೇಲಿನಿಂದ ಹಗುರವಾದ ಟಿಕ್ ಟಿಕ್ ಬಂದರೆ ಟ್ಯಾಪೆಟ್. ಹೈಡ್ರಾಲಿಕ್ ಇದ್ದರೆ ಒಳಗೆ ಗಾಳಿ ಸಿಕ್ಕಿರುತ್ತದೆ, ಸ್ವಲ್ಪ ಹೊತ್ತು 2000 ಆರ್‌ಪಿಎಂನಲ್ಲಿ ಓಡಿದರೆ ಹೋಗುತ್ತದೆ. ಸ್ಕ್ರೂ ಇದ್ದರೆ ಸಂದು ನೋಡಿಸಿ, ಹೊಸ ವಾಲ್ವ್ ಕೂತ ಮೇಲೆ ಸಂದು ಬದಲಾಗುತ್ತದೆ. ಚಪ್ಪಟೆ ಟ್ಯಾಪೆಟ್ಟಿನ ಎಂಜಿನ್ನಿಗೆ ಹೊಸ ಕ್ಯಾಮ್ ಹಾಕಿದ್ದರೆ ಮೊದಲ ಸ್ಟಾರ್ಟಿನಲ್ಲೇ 20-30 ನಿಮಿಷ 2000ದಿಂದ 2500ರ ನಡುವೆ ಇಡಬೇಕು, ಐಡಲ್ ಬೇಡವೇ ಬೇಡ. ಅಲ್ಲಿ ಕ್ಯಾಮಿಗೆ ಆಯಿಲ್ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚಿದ್ದರಿಂದ, ಮೆಲ್ಲಗೆ ತಿರುಗಿದರೆ ಎರಚುವುದಿಲ್ಲ. ಹೀಗೆ ಮಾಡದೆ ಟಿಕ್ ಟಿಕ್ ದಿನದಿನಕ್ಕೆ ಏರುತ್ತಾ ಪಿಕಪ್ ಇಳಿಯುತ್ತಿದ್ದರೆ ಕ್ಯಾಮಿನ ಮೂಗು ಸವೆಯುತ್ತಿದೆ. ಟ್ಯಾಪೆಟ್ ಕವರ್ ತೆಗೆದು ಪ್ರತಿ ವಾಲ್ವ್ ಎಷ್ಟು ಇಳಿಯುತ್ತದೆ ಅಂತ ಹೋಲಿಸಿದರೆ ಗೊತ್ತಾಗುತ್ತದೆ.

ಕೆಳಗಿನಿಂದ, ಮರದ ಕೊಡತಿಯಲ್ಲಿ ಬಡಿದ ಹಾಗೆ ಡಬ್ ಡಬ್ ಅಂದು, ಭಾರ ಕೊಟ್ಟಾಗ ಜಾಸ್ತಿಯಾದರೆ ರಾಡ್ ಬೇರಿಂಗ್. ಅಲ್ಲೇ ಆಫ್. ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.

ಲಕ್ಷಣ: ಇಳಿಸಿದ ಆಯಿಲಿನಲ್ಲಿ ಮಿಂಚು

ನನ್ನ ಲೆಕ್ಕದಲ್ಲಿ ಮೊದಲ ಆಯಿಲ್ 50-100 ಕಿ.ಮೀ.ಗೇ ಇಳಿಸಬೇಕು, ಎರಡನೆಯದ್ದು 500ಕ್ಕೆ, ಮೂರನೆಯದ್ದು 1500ಕ್ಕೆ. ಪ್ರತಿ ಸಲ ಫಿಲ್ಟರ್ ಹೊಸದು. ಮಿನರಲ್ ಆಯಿಲ್ ಅಗ್ಗ ಅನ್ನುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಚೆಲ್ಲಲು ಹೊಟ್ಟೆ ಉರಿಯುವುದಿಲ್ಲ.

ಮೊದಲ ಆಯಿಲ್ ಕೆಸರು ಬೂದಿ ಬಣ್ಣ ಬಂದು, ಬಿಸಿಲಿಗೆ ಹಿಡಿದರೆ ಸಣ್ಣ ಹೊಳಪು ಇದ್ದರೆ ಅದು ರಿಂಗ್ ಉಜ್ಜಿದ ಪುಡಿ, ಇರಲೇಬೇಕು. ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ತಗಡು ಕತ್ತರಿಸಲು ಗ್ರೈಂಡರ್ ಬೇಡ, ಅದರ ಪುಡಿಯೇ ಒಳಗೆ ಸೇರಿ ಮೋಸವಾಗುತ್ತದೆ, ಕಿಡಿಯೂ ಹಾರುತ್ತದೆ. ಪುಡಿಯ ಹತ್ತಿರ ಹಳೇ ಸ್ಪೀಕರಿನ ಅಯಸ್ಕಾಂತ ತನ್ನಿ. ಅಂಟಿದರೆ ಕಬ್ಬಿಣ: ರಿಂಗ್, ಗೋಡೆ, ಕ್ಯಾಮ್. ಅಂಟದೆ ಬೆಳ್ಳಿ ಬಣ್ಣ ಅಥವಾ ತಾಮ್ರದ ಬಣ್ಣ ಇದ್ದರೆ ಬೇರಿಂಗ್ ಅಥವಾ ಪಿಸ್ಟನ್. ನಯವಾದ ಹಿಟ್ಟು ಆದರೆ ಮುಂದಿನ ಸಲಕ್ಕೆ ಕಡಿಮೆಯಾಗುತ್ತದಾ ನೋಡಿ. ಉಗುರಿಗೆ ಸಿಗುವಷ್ಟು ಚೂರು ಬಂದರೆ, ಅಥವಾ 500ರ ಆಯಿಲಿನಲ್ಲಿ ಮೊದಲಿಗಿಂತ ಜಾಸ್ತಿ ಮಿಂಚಿದರೆ, ಓಡಿಸುವುದು ನಿಲ್ಲಿಸಿ, ಆ ಕಾಗದವನ್ನೇ ತೆಗೆದುಕೊಂಡು ಹೋಗಿ ಲೇತ್ ಅಂಗಡಿಯವರಿಗೆ ತೋರಿಸಿ.

ಲಕ್ಷಣ: ಘಾಟಿ ಹತ್ತುವಾಗ ಉಷ್ಣಾಂಶದ ಮುಳ್ಳು ಏರುತ್ತದೆ

ಹೊಸ ಎಂಜಿನ್ ಬಿಗಿ ಇರುವುದರಿಂದ ಸ್ವಲ್ಪ ಬಿಸಿ ಜಾಸ್ತಿ. ಆದರೆ ಮುಳ್ಳು ಕೆಂಪಿನ ಹತ್ತಿರ ಹೋಗುವುದು ಬಿಗಿತದಿಂದಲ್ಲ. ಮೊದಲು ಕೂಲೆಂಟ್ ಲೆವೆಲ್, ಆಮೇಲೆ ಗಾಳಿ ಸಿಕ್ಕಿದೆಯಾ ಅಂತ. ಹೀಟರ್ ಹಾಕಿ ನೋಡಿ, ಎಂಜಿನ್ ಬಿಸಿ ಇದ್ದೂ ಹೀಟರ್ ತಣ್ಣಗೆ ಊದಿದರೆ ಪೈಪಿನಲ್ಲಿ ಗಾಳಿ ಇರಬಹುದು, ಕೂಲೆಂಟ್ ಕಡಿಮೆಯೂ ಇರಬಹುದು. ಆಮೇಲೆ ಫ್ಯಾನ್, ಥರ್ಮೋಸ್ಟಾಟ್, ಇಗ್ನಿಷನ್ ಟೈಮಿಂಗ್. ಆಯಿಲ್ ಬದಲಿಸಿ ಇದು ಸರಿ ಹೋಗಿದ್ದನ್ನು ನಾನಂತೂ ನೋಡಿಲ್ಲ. ಕೆಂಪಿಗೆ ಹೋದರೆ ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ಅರ್ಧ ತಾಸು ಮಂಗಗಳನ್ನು ನೋಡುತ್ತಾ ಕೂರಿ. ತಣ್ಣೀರು ಸುರಿಯಬೇಡಿ, ಹೆಡ್ ಬಿರಿಯುತ್ತದೆ.

ಸಿಂಥೆಟಿಕ್ ಯಾವಾಗ

ಮೂರು ಸಂಗತಿ ಕೂಡಿ ಬಂದಾಗ: ಎರಡು ಸಲ ಸತತ ನೋಡಿದರೂ ಡಿಪ್‌ಸ್ಟಿಕ್ ಅಲುಗಾಡಿಲ್ಲ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಹತ್ತಿರ ಹತ್ತಿರ ಇದೆ, ಫಿಲ್ಟರಿನಲ್ಲಿ ಮಿಂಚು ನಿಂತಿದೆ. ಸಾಧಾರಣವಾಗಿ 1500ರಿಂದ 3000 ಕಿ.ಮೀ. ಒಳಗೆ ಇದು ಆಗುತ್ತದೆ. ಟರ್ಬೋ ಇದ್ದವರಿಗೆ ಬಿಸಿ ತಡೆಯಲು ಸಿಂಥೆಟಿಕ್ ಬೇಕೇ ಬೇಕು, ಹಾಗಾಗಿ ಅವರು ಆದಷ್ಟು ಬೇಗ ಬದಲಿಸಲಿ, ಅಲ್ಲಿಯವರೆಗೆ ಬೂಸ್ಟ್ ಕಡಿಮೆ ಇಡಲಿ. ಸೀಲ್ ಒಡೆಯದ ಡಬ್ಬ, ಬಿಲ್ ಇರುವ ಅಂಗಡಿ. ಖಾಲಿ ಡಬ್ಬವನ್ನು ಗುಜರಿಗೆ ಹಾಕುವ ಮೊದಲು ತೂತು ಮಾಡಿ, ಇಲ್ಲವಾದರೆ ಅದೇ ಡಬ್ಬದಲ್ಲಿ ನಕಲಿ ಆಯಿಲ್ ಯಾರಿಗೋ ಬರುತ್ತದೆ.

ನನ್ನ ಎಸ್ಟೀಮಿಗೆ ಎರಡನೇ ಹೋನಿಂಗ್ ಆದ ಮೇಲೆ 2200 ಕಿ.ಮೀ.ಗೆ ಸಿಂಥೆಟಿಕ್ ಹಾಕಿದೆ. ಮೊದಲ ಸಲ ದುಬಾರಿ ಕೊಟ್ಟು ತಂದಿದ್ದ ಆ ಆಯಿಲಿನಲ್ಲಿ ಅರ್ಧ ಲೀಟರ್ ಡಬ್ಬದಲ್ಲಿ ಉಳಿದಿತ್ತು, ಈಗ ಟಾಪ್ ಅಪ್‌ಗೆ ಇರಲಿ ಅಂತ ಇಟ್ಟಿದ್ದೇನೆ. ಹೋದ ಮೂರು ತಿಂಗಳಲ್ಲಿ ಅದರ ಮುಚ್ಚಳ ತೆಗೆದಿಲ್ಲ.